ಲಕ್ಷ ಹಾಡಿನ ಲೈಬ್ರರಿ ತಡವರಿಸಿದರೆ ಎಲ್ಲಿಂದ ಹುಡುಕಬೇಕು?

ಪ್ಲೇ ಒತ್ತಿದ ಮೇಲೆ ಹಾಡು ಶುರುವಾಗಲು ಹತ್ತು ಸೆಕೆಂಡು ಹಿಡಿಯುತ್ತದೆ. ಶುರುವಾದದ್ದು ಮಧ್ಯದಲ್ಲಿ ನಿಲ್ಲುತ್ತದೆ. ನಿನ್ನೆ ಕಂಡ ಆಲ್ಬಂ ಇವತ್ತು ಪಟ್ಟಿಯಲ್ಲೇ ಇಲ್ಲ. ಒಂದೆರಡು ಸಾವಿರ ಹಾಡು ಇದ್ದಾಗ ಇದ್ಯಾವುದೂ ಇರಲಿಲ್ಲ, ಸಂಗ್ರಹ ಐವತ್ತು ಸಾವಿರ, ಲಕ್ಷ ಅಂತ ಬೆಳೆದ ಮೇಲೆ ಒಂದೊಂದೇ ಕಾಟ ಶುರುವಾಯಿತು, ಅಲ್ವಾ?

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ, ಲೈಬ್ರರಿಯ ಡೇಟಾಬೇಸ್ (ಹಾಡುಗಳ ಪಟ್ಟಿ, ವಿವರ ಇರುವ ಫೈಲ್) ಅಳಿಸಿ ಎಲ್ಲವನ್ನೂ ಮತ್ತೆ ಸ್ಕ್ಯಾನ್‌ಗೆ ಹಾಕುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಸ್ಕ್ಯಾನ್ ಮುಗಿಯುವಷ್ಟರಲ್ಲಿ ರಾತ್ರಿ ಕಳೆದಿರುತ್ತದೆ. ವರ್ಷಗಟ್ಟಲೆ ಕೂಡಿಬಂದ ಪ್ಲೇ ಕೌಂಟ್, ರೇಟಿಂಗ್, ಪ್ಲೇಲಿಸ್ಟ್ ಹೋಗಿರುತ್ತವೆ. ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಹಾಡು ಮಧ್ಯದಲ್ಲಿ ನಿಲ್ಲುವುದಕ್ಕೆ ಡೇಟಾಬೇಸ್ ಕಾರಣವಾಗುವುದು ತುಂಬಾ ಕಡಿಮೆ.

ಹಾಡು ಡಿಸ್ಕಿನಿಂದ ಹೊರಟು ಸರ್ವರ್ (ಹಾಡಿನ ಪಟ್ಟಿ ಇಟ್ಟುಕೊಂಡು ಕೇಳಿದ ಹಾಡನ್ನು ಕಳಿಸುವ ಪ್ರೋಗ್ರಾಂ), ನೆಟ್‌ವರ್ಕ್, ಪ್ಲೇಯರ್, ಡ್ಯಾಕ್ (ಡಿಜಿಟಲ್ ಹಾಡನ್ನು ಸ್ಪೀಕರಿಗೆ ಬೇಕಾದ ಸಿಗ್ನಲ್ ಆಗಿಸುವ ಉಪಕರಣ) ದಾಟಿ ಸ್ಪೀಕರ್ ಮುಟ್ಟುತ್ತದೆ. ತೊಂದರೆ ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಕೂತಿರುತ್ತದೆ. ಲಕ್ಷ ಹಾಡನ್ನು ಒಟ್ಟಿಗೆ ನೋಡಿದರೆ ತಲೆ ಕೆಡುತ್ತದೆ. ಒಂದೇ ಹಾಡು ಹಿಡಿದುಕೊಂಡು, ದಾರಿಯನ್ನು ತುಂಡು ತುಂಡಾಗಿ ಪರೀಕ್ಷಿಸಿದರೆ ಎಂಥ ದೊಡ್ಡ ಲೈಬ್ರರಿಯಾದರೂ ಗುಟ್ಟು ಬಿಟ್ಟುಕೊಡುತ್ತದೆ.

ಶುರು ಮಾಡುವ ಮೊದಲು

ಎರಡು ಕೆಲಸ. ಸರ್ವರ್ ಅಥವಾ ಪ್ಲೇಯರ್ ಪ್ರೋಗ್ರಾಂ ನಿಲ್ಲಿಸಿ, ಅದರ ಡೇಟಾಬೇಸ್ ಇರುವ ಫೋಲ್ಡರನ್ನು ಹಾಗೇ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಪ್ರೋಗ್ರಾಂ ಓಡುತ್ತಿರುವಾಗ ಮಾಡಿದ ಕಾಪಿ ಕೆಲವೊಮ್ಮೆ ಅರ್ಧಂಬರ್ಧ ಆಗಿರುತ್ತದೆ, ಹಾಗಾಗಿ ನಿಲ್ಲಿಸುವುದು ಮುಖ್ಯ. ಎರಡನೆಯದು, ಹಾಡಿನ ಫೈಲ್‌ಗಳ ಬ್ಯಾಕಪ್ ಇನ್ನೊಂದು ಡಿಸ್ಕಿನಲ್ಲಿ ಇದೆಯೇ ಅಂತ ನೋಡಿಕೊಳ್ಳಿ. ರೇಡ್ (ಹಲವು ಡಿಸ್ಕ್ ಒಂದಾಗಿ ಜೋಡಿಸುವ ವ್ಯವಸ್ಥೆ) ಹಾಕಿದ್ದೇನೆ, ಸಾಕಲ್ಲ ಅಂತ ಕೇಳಬೇಡಿ. ರೇಡ್ ಕಾಪಾಡುವುದು ಒಂದು ಡಿಸ್ಕ್ ಸತ್ತಾಗ. ನೀವೇ ಫೋಲ್ಡರ್ ಅಳಿಸಿದರೆ, ಟ್ಯಾಗ್ (ಫೈಲಿನೊಳಗಿನ ಹಾಡು, ಆಲ್ಬಂ, ಕಲಾವಿದರ ವಿವರ) ಬರೆಯುವ ಪ್ರೋಗ್ರಾಂ ಸಾವಿರ ಫೈಲ್ ಕೆಡಿಸಿದರೆ, ಅದು ಅಷ್ಟೇ ನಿಷ್ಠೆಯಿಂದ ಎಲ್ಲಾ ಡಿಸ್ಕ್‌ಗಳಲ್ಲೂ ಅದನ್ನೇ ಮಾಡುತ್ತದೆ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ. ರೌಟರ್ ರೀಸ್ಟಾರ್ಟ್ ಮಾಡಿ, ಬಫರ್ (ಪ್ಲೇಯರ್ ಮುಂಚಿತವಾಗಿ ತುಂಬಿಟ್ಟುಕೊಳ್ಳುವ ಹಾಡಿನ ಭಾಗ) ಹೆಚ್ಚಿಸಿ, ಸರ್ವರ್ ಅಪ್‌ಡೇಟ್ ಮಾಡಿ ಎಲ್ಲಾ ಒಟ್ಟಿಗೆ ಮುಗಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ತಿಂಗಳು ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ.

ಹೆಜ್ಜೆ 1: ತೊಂದರೆ ಏನು ಅಂತ ನಿಖರವಾಗಿ ನೋಡಿ

"ಸರಿಯಾಗಿ ಪ್ಲೇ ಆಗ್ತಿಲ್ಲ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ನಿಲ್ಲುವ ಒಂದು ಹಾಡು ಆರಿಸಿಕೊಳ್ಳಿ, ಅದನ್ನು ಮೂರ್ನಾಲ್ಕು ಸಲ ಹಾಕಿ, ನಿಂತ ಸಮಯ ಬರೆದುಕೊಳ್ಳಿ.

ಪ್ರತಿ ಸಲವೂ 2 ನಿಮಿಷ 13 ಸೆಕೆಂಡಿಗೇ ನಿಂತರೆ ಆ ಫೈಲಿನಲ್ಲೇ ಏನೋ ಕೆಟ್ಟಿದೆ, ಅಥವಾ ಫೈಲ್ ಕೂತಿರುವ ಡಿಸ್ಕಿನ ಜಾಗ ಕೆಟ್ಟಿದೆ. ಒಮ್ಮೆ 40ನೇ ಸೆಕೆಂಡಿಗೆ, ಇನ್ನೊಮ್ಮೆ ಮೂರನೇ ನಿಮಿಷಕ್ಕೆ, ಮತ್ತೊಮ್ಮೆ ನಿಲ್ಲದೇ ಪೂರ್ತಿ ಓಡಿತು ಅಂದರೆ ಫೈಲ್ ಮೇಲೆ ಅನುಮಾನ ಬೇಡ, ನೆಟ್‌ವರ್ಕ್ ಕಡೆ ನೋಡಿ. ತುಂಬಾ ಹೊತ್ತು ಸುಮ್ನೆ ಇದ್ದು ಆಮೇಲೆ ಹಾಕಿದ ಮೊದಲ ಹಾಡು ಮಾತ್ರ ತಡವಾಗಿ ಬಂದರೆ ಡಿಸ್ಕ್ ನಿದ್ದೆ ಮಾಡಿತ್ತು. ಹೈ ರೆಸಲ್ಯೂಷನ್ (ಸಿಡಿಗಿಂತ ಹೆಚ್ಚು ವಿವರ ಇರುವ) ಫೈಲ್‌ಗಳು ಮಾತ್ರ ಕಾಟ ಕೊಟ್ಟು ಎಂಪಿ3 ಚೆನ್ನಾಗಿ ಓಡಿದರೆ ವೈಫೈ, ಟ್ರಾನ್ಸ್‌ಕೋಡಿಂಗ್ (ಕಳಿಸುವಾಗಲೇ ಬೇರೆ ರೂಪಕ್ಕೆ ಬದಲಾಯಿಸುವುದು) ಅಥವಾ ಡ್ಯಾಕ್ ಮಿತಿ. ಹಾಡು ಪಟ್ಟಿಯಲ್ಲಿದೆ, ಒತ್ತಿದರೆ ತಕ್ಷಣ ಮುಂದಿನದಕ್ಕೆ ಹಾರುತ್ತದೆ ಅಂದರೆ ಫೈಲಿನ ಹೆಸರು, ಜಾಗ ಅಥವಾ ಅನುಮತಿ ಬದಲಾಗಿದೆ.

ಈ ಒಂದು ಪರೀಕ್ಷೆಗೆ ಹತ್ತು ನಿಮಿಷ ಕೊಟ್ಟರೆ ಕೆಳಗಿನ ಅರ್ಧ ಕೆಲಸ ತಪ್ಪುತ್ತದೆ.

ಹೆಜ್ಜೆ 2: ದಾರಿಯನ್ನು ಮಧ್ಯಕ್ಕೆ ಕತ್ತರಿಸಿ

ಅದೇ ಹಾಡಿನ ಫೈಲನ್ನು ಒಂದು ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿಗೆ ಕಾಪಿ ಮಾಡಿ. ವಿಎಲ್‌ಸಿ ಅಥವಾ ಫೂಬಾರ್2000 ಥರದ ಸರಳ ಪ್ಲೇಯರಿನಲ್ಲಿ, ಲ್ಯಾಪ್‌ಟಾಪಿನದೇ ಸ್ಪೀಕರಿನಲ್ಲಿ ಹಾಕಿ. ಇಲ್ಲಿ ಸರ್ವರ್ ಇಲ್ಲ, ನೆಟ್‌ವರ್ಕ್ ಇಲ್ಲ, ಡ್ಯಾಕ್ ಇಲ್ಲ. ಇಲ್ಲಿಯೂ ನಿಂತರೆ ತಪ್ಪು ಫೈಲಿನದೇ. ಕಾಪಿ ಮಾಡುವಾಗಲೇ ತಡವರಿಸಿದರೆ ಅಥವಾ ಎರರ್ ಬಂದರೆ ಡಿಸ್ಕ್ ನೋಡಿ.

ಇಲ್ಲಿ ಚೆನ್ನಾಗಿ ಓಡಿದರೆ ಒಂದು ಹೆಜ್ಜೆ ಮುಂದೆ ಹೋಗಿ. ಅದೇ ಲ್ಯಾಪ್‌ಟಾಪ್, ಅದೇ ಪ್ಲೇಯರ್, ಆದರೆ ಫೈಲನ್ನು ನ್ಯಾಸ್ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ)ನ ಹಂಚಿದ ಫೋಲ್ಡರಿನಿಂದ ನೇರವಾಗಿ ತೆರೆಯಿರಿ. ಆಮೇಲೆ ಸರ್ವರ್ ಪ್ರೋಗ್ರಾಂ ಮೂಲಕ. ಕೊನೆಗೆ ನೀವು ದಿನಾ ಕೇಳುವ ಸ್ಟ್ರೀಮರ್ (ನೆಟ್‌ವರ್ಕಿನಿಂದ ಹಾಡು ತಂದು ನುಡಿಸುವ ಉಪಕರಣ) ಮೂಲಕ. ಎಲ್ಲಿ ಮೊದಲ ಸಲ ಕೆಡುತ್ತದೋ ಅಲ್ಲಿ ಹೊಸದಾಗಿ ಸೇರಿಸಿದ ಕೊಂಡಿಯೇ ಕಳ್ಳ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ, ಸೆಟ್ಟಿಂಗ್ಸ್ ಪುಟದಲ್ಲಿ ಒಂದೊಂದೇ ಗುಂಡಿ ಒತ್ತಿ ನೋಡುವುದಕ್ಕಿಂತ ಇದು ಎಷ್ಟೋ ಬೇಗ ಉತ್ತರ ಕೊಡುತ್ತದೆ.

ಕಳ್ಳ ಯಾರು ಅಂತ ಗೊತ್ತಾದ ಮೇಲೆ ಕೆಳಗೆ ನಿಮಗೆ ಬೇಕಾದ ಹೆಜ್ಜೆಗೆ ಹೋಗಿ.

ಹೆಜ್ಜೆ 3: ಫೈಲ್ ಕೆಟ್ಟಿದ್ದರೆ

ಫ್ಲಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ) ಫೈಲ್ ಇಟ್ಟುಕೊಂಡವರಿಗೆ ಒಂದು ದೊಡ್ಡ ಅನುಕೂಲ ಇದೆ. ಫ್ಲಾಕ್ ಮಾಡುವಾಗಲೇ ಮೂಲ ಆಡಿಯೋದ ಎಂಡಿ5 ಗುರುತು (ಬೆರಳಚ್ಚಿನಂಥ ಸಂಖ್ಯೆ) ಫೈಲಿನ ತಲೆಭಾಗದಲ್ಲಿ ಸೇರಿರುತ್ತದೆ. ಫ್ಲಾಕ್‌ನ ಅಧಿಕೃತ ಟೂಲ್‌ನಲ್ಲಿ ಟೆಸ್ಟ್ ಆಯ್ಕೆ ಕೊಟ್ಟರೆ ಅದು ಪೂರ್ತಿ ಹಾಡನ್ನು ಬಿಚ್ಚಿ ಆ ಗುರುತಿಗೆ ಹೋಲಿಸಿ ಹೇಳುತ್ತದೆ. ಒಂದು ಬಿಟ್ ಆಚೀಚೆ ಆದರೂ ಸಿಕ್ಕಿಬೀಳುತ್ತದೆ. ಕೆಲವು ಹಳೆಯ ಎನ್‌ಕೋಡರ್‌ಗಳು ಈ ಗುರುತನ್ನು ಬರೆಯದೇ ಖಾಲಿ ಬಿಟ್ಟಿರುತ್ತವೆ, ಅಂಥ ಫೈಲ್‌ಗೆ ಎಚ್ಚರಿಕೆ ಬಂದರೆ ಫೈಲ್ ಕೆಟ್ಟಿದೆ ಅಂತ ಅಲ್ಲ. ಕಮಾಂಡ್ ಬೇಡ ಅನ್ನುವವರು ಫೂಬಾರ್2000ಗೆ ಸಿಗುವ ಫೈಲ್ ಇಂಟೆಗ್ರಿಟಿ ವೆರಿಫೈಯರ್ ಹಾಕಿಕೊಳ್ಳಿ, ಪೂರ್ತಿ ಲೈಬ್ರರಿ ಆಯ್ಕೆ ಮಾಡಿ ಬಿಟ್ಟರೆ ಬೆಳಗ್ಗೆ ವರದಿ ಸಿದ್ಧ ಇರುತ್ತದೆ.

ಎಂಪಿ3ಗೆ ಇಂಥ ಒಟ್ಟಾರೆ ಗುರುತು ಇಲ್ಲ. ಎಫ್‌ಎಫ್‌ಎಂಪೆಗ್‌ನಿಂದ ಡಿಕೋಡ್ ಮಾಡಿಸಿ ಎರರ್ ಬರುತ್ತದೆಯೇ ನೋಡುವುದು ಒಂದು ದಾರಿ. ಎಂಪಿ3ಯಲ್ಲಿ ಜಾಸ್ತಿ ಕಾಣುವ ತೊಂದರೆ ಬೇರೆ. ಬಿಟ್‌ರೇಟ್ ಏರಿಳಿಯುವ ವಿಬಿಆರ್ ಫೈಲಿನ ಮೊದಲ ಫ್ರೇಮಿನಲ್ಲಿ ಇರಬೇಕಾದ ಹೆಡರ್ ಇಲ್ಲದಿದ್ದರೆ ಪ್ಲೇಯರ್ ಹಾಡಿನ ಉದ್ದವನ್ನು ಊಹಿಸುತ್ತದೆ. ನಾಲ್ಕು ನಿಮಿಷದ ಹಾಡು ಒಂಬತ್ತು ನಿಮಿಷ ಅಂತ ತೋರಿಸುತ್ತದೆ, ಮುಂದಕ್ಕೆ ಎಳೆದರೆ ಎಲ್ಲೋ ಹೋಗಿ ಬೀಳುತ್ತದೆ. ಫೂಬಾರ್2000ರಲ್ಲಿ ವಿಬಿಆರ್ ಹೆಡರ್ ಸರಿಪಡಿಸುವ ಆಯ್ಕೆಯೇ ಇದೆ. ಆಡಿಯೋವನ್ನು ಮುಟ್ಟದೆ ಹೆಡರ್ ಮಾತ್ರ ಬರೆಯುತ್ತದೆ, ಗುಣಮಟ್ಟ ಹಾಳಾಗುವುದಿಲ್ಲ.

ಇನ್ನೂ ಎರಡು ಜಾತಿಯ ಫೈಲ್ ದೊಡ್ಡ ಲೈಬ್ರರಿಗಳಲ್ಲಿ ಅಡಗಿರುತ್ತವೆ. ಒಂದು, ಕಾಪಿ ಅರ್ಧಕ್ಕೆ ನಿಂತು ಸೊನ್ನೆ ಬೈಟ್ ಅಥವಾ ಬರೀ ಕೆಲವು ಕೆಬಿ ಇರುವವು. ಗಾತ್ರದ ಪ್ರಕಾರ ಹುಡುಕಿದರೆ ಒಂದೇ ಏಟಿಗೆ ಸಿಗುತ್ತವೆ. ಇನ್ನೊಂದು, ಕಾಪಿ ತಡೆಯುವ ಹಳೆಯ ಡಿಆರ್‌ಎಂ ಬೀಗ ಇರುವವು. ಐಟ್ಯೂನ್ಸ್ ಅಂಗಡಿಯಲ್ಲಿ ಹಾಡುಗಳಿಗೆ ಈ ಬೀಗ ಪೂರ್ತಿ ಹೋಗಿದ್ದು 2009ರಲ್ಲಿ. ಅದಕ್ಕೂ ಮೊದಲು ಕೊಂಡ ಫೈಲ್‌ಗಳ ಎಕ್ಸ್‌ಟೆನ್ಷನ್ ಎಂ4ಎ ಬದಲು ಎಂ4ಪಿ ಅಂತ ಇದ್ದರೆ ಬೇರೆ ಪ್ಲೇಯರ್‌ಗಳು ಅದನ್ನು ಹಾಡುವುದಿಲ್ಲ, ಎಷ್ಟು ಸ್ಕ್ಯಾನ್ ಮಾಡಿದರೂ ಅಷ್ಟೇ.

ಕೆಟ್ಟ ಫೈಲನ್ನು ರಿಪೇರಿ ಮಾಡುವುದಕ್ಕಿಂತ ಬ್ಯಾಕಪ್‌ನಿಂದ ತರುವುದು ಅಥವಾ ಸಿಡಿಯಿಂದ ಮತ್ತೆ ರಿಪ್ ಮಾಡುವುದು ಒಳ್ಳೆಯದು. ತರುವ ಮೊದಲು ಬ್ಯಾಕಪ್‌ನಲ್ಲಿರುವ ಕಾಪಿಯನ್ನೂ ಪರೀಕ್ಷಿಸಿ, ಕೆಟ್ಟ ಫೈಲೇ ಬ್ಯಾಕಪ್ ಆಗಿರಬಹುದು.

ಹೆಜ್ಜೆ 4: ಡಿಸ್ಕ್ ಮಾತು ಕೇಳಿ

ಒಂದೇ ಫೋಲ್ಡರಿನ ಹಲವು ಹಾಡುಗಳು ಒಟ್ಟಿಗೆ ಕೆಟ್ಟಿದ್ದರೆ, ಅಥವಾ ಕಾಪಿ ಮಾಡುವಾಗ ವೇಗ ದಿಢೀರ್ ಅಂತ ಸೊನ್ನೆಗೆ ಇಳಿದರೆ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ವರದಿ ತೆಗೆಯಿರಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್, ನ್ಯಾಸ್‌ಗಳಲ್ಲಿ ಅದರದೇ ಪುಟ ಇರುತ್ತದೆ. ಸಾಲುಗಳು ತುಂಬಾ ಇರುತ್ತವೆ, ನೀವು ನೋಡಬೇಕಾದದ್ದು ನಾಲ್ಕು. 5ನೇ ಸಾಲು ಬದಲಿ ಮಾಡಿದ ಸೆಕ್ಟರ್‌ಗಳ (ಡಿಸ್ಕಿನ ಸಣ್ಣ ಜಾಗಗಳ) ಲೆಕ್ಕ. 197 ಅಂದರೆ ಓದಲು ಕಷ್ಟವಾಗಿ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. 198 ಅಂದರೆ ಓದಲು ಆಗದವು. 199 ಮಾತ್ರ ಬೇರೆ ಕಥೆ, ಅದು ಏರುತ್ತಾ ಇದ್ದರೆ ಸಾಮಾನ್ಯವಾಗಿ ತಪ್ಪು ಕೇಬಲ್‌ದು.

ವರದಿಯಲ್ಲಿ ಮೇಲೆ ಎಲ್ಲಾ ಸರಿ ಇದೆ ಅಂತ ಹಸಿರು ಬಣ್ಣದಲ್ಲಿ ತೋರಿಸಿದರೂ 197 ಸೊನ್ನೆಗಿಂತ ಜಾಸ್ತಿ ಇದ್ದು ವಾರದಿಂದ ವಾರಕ್ಕೆ ಏರುತ್ತಿದ್ದರೆ ನಾನು ಆ ಡಿಸ್ಕನ್ನು ನಂಬುವುದಿಲ್ಲ. ಮೊದಲು ಹಾಡುಗಳನ್ನು ಹೊರಗೆ ತೆಗೆಯಿರಿ, ಉಳಿದ ಪರೀಕ್ಷೆ ಆಮೇಲೆ. ಸಾಯುತ್ತಿರುವ ಡಿಸ್ಕಿನ ಮೇಲೆ ಪೂರ್ತಿ ಸ್ಕ್ಯಾನ್ ಓಡಿಸಿದರೆ ಇರುವಷ್ಟು ಆಯುಷ್ಯವೂ ಹೋಗುತ್ತದೆ.

ನಿದ್ದೆಯ ವಿಷಯ ಸುಲಭ. ಹಾರ್ಡ್ ಡಿಸ್ಕ್ ಎಚ್ಚರವಾಗಿ ಪೂರ್ತಿ ವೇಗಕ್ಕೆ ತಿರುಗಲು ಹತ್ತು ಸೆಕೆಂಡಿನ ಆಸುಪಾಸು ಬೇಕು. ನಾಲ್ಕೈದು ಡಿಸ್ಕ್ ಇರುವ ನ್ಯಾಸ್ ಅವುಗಳನ್ನು ಒಂದೊಂದಾಗಿ ಎಬ್ಬಿಸಿದರೆ ಇನ್ನೂ ಜಾಸ್ತಿ. ಅಷ್ಟರೊಳಗೆ ಪ್ಲೇಯರ್ ಕಾದು ಸಾಕಾಗಿ ಎರರ್ ಕೊಟ್ಟಿರುತ್ತದೆ. ನಿದ್ದೆಯ ಅವಧಿಯನ್ನು ಹೆಚ್ಚಿಸಿ ಅಥವಾ ಕೇಳುವ ಹೊತ್ತಿನಲ್ಲಿ ಪೂರ್ತಿ ನಿಲ್ಲಿಸಿ.

ಹೆಜ್ಜೆ 5: ನೆಟ್‌ವರ್ಕ್

ಮೊದಲು ಲೆಕ್ಕ ನೋಡೋಣ. ಸಿಡಿ ಗುಣಮಟ್ಟದ ಆಡಿಯೋ, ಅಂದರೆ 44.1 ಕಿಲೋಹರ್ಟ್ಜ್, 16 ಬಿಟ್, ಎರಡು ಚಾನೆಲ್, ಕುಗ್ಗಿಸದೇ ಕಳಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್. 24 ಬಿಟ್, 192 ಕಿಲೋಹರ್ಟ್ಜ್ ಆದರೂ 9.2 ಮೆಗಾಬಿಟ್ ಅಷ್ಟೇ. ಫ್ಲಾಕ್ ಇದನ್ನು ಇನ್ನೂ ಕುಗ್ಗಿಸುತ್ತದೆ. ಹಳೆಯ 100 ಮೆಗಾಬಿಟ್ ಕೇಬಲ್‌ಗೂ ಇದು ಲೆಕ್ಕಕ್ಕಿಲ್ಲ. ಹಾಗಾಗಿ "ಇಂಟರ್ನೆಟ್ ಸ್ಪೀಡ್ ಚೆನ್ನಾಗಿದೆ, ಆದರೂ ನಿಲ್ಲುತ್ತೆ" ಅನ್ನುವವರಿಗೆ ಎರಡು ಉತ್ತರ. ಮನೆಯೊಳಗಿನ ಹಾಡಿಗೂ ಇಂಟರ್ನೆಟ್ ಸ್ಪೀಡಿಗೂ ಸಂಬಂಧವೇ ಇಲ್ಲ. ಮತ್ತೆ, ಹಾಡಿಗೆ ವೇಗಕ್ಕಿಂತ ಬೇಕಾದದ್ದು ಎಡೆಬಿಡದೆ ಬರುವುದು. ಪ್ಲೇಯರಿನ ಬಫರ್ ಎರಡು ಸೆಕೆಂಡಿನದಾಗಿದ್ದು ವೈಫೈ ಮೂರು ಸೆಕೆಂಡು ಬಾಯಿ ಮುಚ್ಚಿದರೆ ಹಾಡು ನಿಂತೇ ನಿಲ್ಲುತ್ತದೆ, ಉಳಿದ ಹೊತ್ತು ಅದು ಎಷ್ಟೇ ಜೋರಾಗಿ ಓಡಲಿ.

ಪರೀಕ್ಷೆ ಹೀಗೆ. ಲ್ಯಾಪ್‌ಟಾಪನ್ನು ಸ್ಟ್ರೀಮರ್ ಪಕ್ಕದಲ್ಲೇ ಇಟ್ಟು ನ್ಯಾಸ್‌ಗೆ ನಿಲ್ಲಿಸದೇ ಪಿಂಗ್ (ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಅಳೆಯುವ ಕಮಾಂಡ್) ಹಾಕಿ, ಹಾಡು ಕೇಳುತ್ತಾ ಇರಿ. ಹಾಡು ನಿಂತ ಹೊತ್ತಿಗೇ ಪಿಂಗ್ ಕೂಡ ತಪ್ಪಿದರೆ ಅಥವಾ ಕೆಲವು ಮಿಲಿಸೆಕೆಂಡ್ ಇದ್ದದ್ದು ಸಾವಿರಕ್ಕೆ ಹಾರಿದರೆ ಕಾರಣ ಸಿಕ್ಕಿತು. ಒಂದು ಉದ್ದ ಕೇಬಲ್ ತಂದು ಸ್ಟ್ರೀಮರನ್ನು ನೇರವಾಗಿ ರೌಟರಿಗೆ ಜೋಡಿಸಿ ನೋಡಿ, ನೆಲದ ಮೇಲೆ ಹಾಗೇ ಬಿದ್ದಿದ್ದರೂ ಪರವಾಗಿಲ್ಲ. ಕೇಬಲ್‌ನಲ್ಲಿ ಸರಿಯಾದರೆ ವೈಫೈಯೇ ಕಾರಣ. 2.4 ಗಿಗಾಹರ್ಟ್ಜ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ, 1, 6 ಮತ್ತು 11, ಮೈಕ್ರೋವೇವ್ ಒಲೆ ಕೂಡ ಅದೇ ಜಾಗದಲ್ಲಿ ಗಲಾಟೆ ಮಾಡುತ್ತದೆ. ಸಿಗ್ನಲ್ ಮುಟ್ಟುವ ಕಡೆ 5 ಗಿಗಾಹರ್ಟ್ಜ್ ಬಳಸಿ. ನ್ಯಾಸ್ ಮತ್ತು ಸರ್ವರ್ ಎರಡನ್ನೂ ಕೇಬಲ್‌ನಲ್ಲೇ ಇಡಿ, ಅದರಲ್ಲಿ ರಾಜಿ ಬೇಡ. ಅವೆರಡೂ ವೈಫೈನಲ್ಲಿದ್ದರೆ ಒಂದೇ ಹಾಡು ಗಾಳಿಯಲ್ಲಿ ಎರಡು ಮೂರು ಸಲ ಓಡಾಡಬೇಕಾಗುತ್ತದೆ.

ಸ್ಟ್ರೀಮರಿಗೆ ಫೋಲ್ಡರೇ ಕಾಣದಿದ್ದರೆ ಅದು ಎಸ್‌ಎಂಬಿ (ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ಪದ್ಧತಿ) ಆವೃತ್ತಿಯ ಜಗಳ ಇರಬಹುದು. ಹಳೆಯ ಸ್ಟ್ರೀಮರ್‌ಗಳಿಗೆ ಎಸ್‌ಎಂಬಿ 1 ಮಾತ್ರ ಗೊತ್ತು, ಅದನ್ನು ಭದ್ರತೆಯ ಕಾರಣಕ್ಕೆ ವಿಂಡೋಸ್ 10ರ 1709 ಆವೃತ್ತಿಯಿಂದ ತಾನಾಗಿ ಇನ್‌ಸ್ಟಾಲ್ ಮಾಡುವುದನ್ನು ನಿಲ್ಲಿಸಿದ್ದಾರೆ. ವಿಂಡೋಸ್ 11ರ 24ಎಚ್2 ಬಂದ ಮೇಲೆ ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ತೆರೆಯುತ್ತಿದ್ದ ನ್ಯಾಸ್ ಫೋಲ್ಡರ್‌ಗಳೂ ಹಲವರಿಗೆ ತೆರೆಯದಾದವು. ಎಸ್‌ಎಂಬಿ 1 ಮತ್ತೆ ಆನ್ ಮಾಡಿ ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ, ನಾನು ಅದನ್ನು ಹೇಳುವುದಿಲ್ಲ. ನ್ಯಾಸ್‌ನಲ್ಲಿ ಹಾಡಿಗೆಂದೇ ಓದಲು ಮಾತ್ರ ಅನುಮತಿ ಇರುವ ಒಂದು ಯೂಸರ್ ಮಾಡಿ, ಪಾಸ್‌ವರ್ಡ್ ಕೊಟ್ಟು ಜೋಡಿಸಿ. ಸ್ಟ್ರೀಮರ್ ತೀರಾ ಹಳೆಯದಾದರೆ ಡಿಎಲ್‌ಎನ್‌ಎ (ಮನೆಯ ಉಪಕರಣಗಳಿಗೆ ಹಾಡು, ವಿಡಿಯೋ ಕಳಿಸುವ ಪದ್ಧತಿ) ಸರ್ವರ್ ಮೂಲಕ ಹಾಡು ಕಳಿಸಿ, ಆಗ ಅದಕ್ಕೆ ಎಸ್‌ಎಂಬಿಯೇ ಬೇಕಿಲ್ಲ.

ಹೆಜ್ಜೆ 6: ಗಾತ್ರವೇ ತೊಂದರೆಯಾದಾಗ

ಸಣ್ಣ ಲೈಬ್ರರಿಯವರಿಗೆ ಬಾರದ, ನಮಗೆ ಮಾತ್ರ ಬರುವ ಕಾಟ ಇಲ್ಲಿಂದ ಶುರು.

ಸ್ಕ್ಯಾನ್ ಯಾಕೆ ಅಷ್ಟು ನಿಧಾನ ಅಂತ ನೋಡಿ. ಹಾರ್ಡ್ ಡಿಸ್ಕಿಗೆ ಒಂದು ಜಾಗದಿಂದ ಇನ್ನೊಂದಕ್ಕೆ ಹಾರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಒಂದು ಫೈಲಿನ ಟ್ಯಾಗ್ ಓದಲು ಮೂರು ಹಾರಾಟ ಅಂತ ಇಟ್ಟುಕೊಂಡರೂ ಲಕ್ಷ ಫೈಲಿಗೆ 3,000 ಸೆಕೆಂಡು, ಅಂದರೆ 50 ನಿಮಿಷ ಬರೀ ಡಿಸ್ಕಿನ ಓದುವ ಮುಳ್ಳು ಓಡಾಡುವುದರಲ್ಲೇ ಹೋಯಿತು. ನೆಟ್‌ವರ್ಕ್ ಮೂಲಕ ಸ್ಕ್ಯಾನ್ ಆದರೆ ಪ್ರತಿ ಫೈಲ್ ತೆರೆಯಲು ಮುಚ್ಚಲು ಹಲವು ಸಲ ಮಾತುಕತೆ ಬೇರೆ. ಈ ಹೊತ್ತಿನಲ್ಲಿ ಹಾಡು ಹಾಕಿದರೆ ಅದೇ ಡಿಸ್ಕಿಗಾಗಿ ಕಿತ್ತಾಟ. ಹಾಗಾಗಿ ಸ್ಕ್ಯಾನ್ ರಾತ್ರಿಗೆ ಇಡಿ. ಹಾಡು ಇರುವ ಮೆಷಿನ್ನಿನಲ್ಲೇ ಸರ್ವರ್ ಓಡಿಸಿ. ಡೇಟಾಬೇಸ್ ಮಾತ್ರ ಎಸ್‌ಎಸ್‌ಡಿಯಲ್ಲಿ ಇರಲಿ, ಹಾಡುಗಳು ಹಾರ್ಡ್ ಡಿಸ್ಕಿನಲ್ಲೇ ಇದ್ದರೆ ಸಾಕು. ಇದೊಂದನ್ನು ಮಾಡಿದರೆ ಹುಡುಕಾಟ, ಸ್ಕ್ರೋಲ್ ಎಲ್ಲಾ ಹಗುರಾಗುತ್ತದೆ. ಡೇಟಾಬೇಸನ್ನು ನೆಟ್‌ವರ್ಕ್ ಫೋಲ್ಡರಿನಲ್ಲಿ ಇಡಲೇಬೇಡಿ. ಹೆಚ್ಚಿನ ಸರ್ವರ್‌ಗಳು ಬಳಸುವುದು ಎಸ್‌ಕ್ಯುಲೈಟ್, ಅದಕ್ಕೆ ಬೇಕಾದ ಫೈಲ್ ಲಾಕ್ ನೆಟ್‌ವರ್ಕ್ ಫೋಲ್ಡರ್‌ಗಳಲ್ಲಿ ಭರವಸೆಯಿಂದ ನಡೆಯುವುದಿಲ್ಲ, ಡೇಟಾಬೇಸ್ ಕೆಡುತ್ತದೆ.

ಈಗ ಕವರ್ ಚಿತ್ರ. ಪ್ರತಿ ಹಾಡಿನ ಒಳಗೂ 5 ಎಂಬಿಯ ಚಿತ್ರ ತುಂಬಿಸಿದ್ದರೆ ಲಕ್ಷ ಹಾಡಿಗೆ 500 ಜಿಬಿ ಬರೀ ಚಿತ್ರ. ಒಂದೇ ಆಲ್ಬಮ್ಮಿನ ಹನ್ನೆರಡು ಹಾಡಿನಲ್ಲಿ ಅದೇ ಚಿತ್ರ ಹನ್ನೆರಡು ಸಲ. ಚಿತ್ರ ಸಾಮಾನ್ಯವಾಗಿ ಆಡಿಯೋಗಿಂತ ಮೊದಲೇ ಇರುವುದರಿಂದ ಸಣ್ಣ ಸ್ಟ್ರೀಮರ್ ಅದನ್ನು ದಾಟಿ ಹಾಡಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತದೆ. ಹಾಡು ತಡವಾಗಿ ಶುರುವಾಗುವುದಕ್ಕೆ ಇದು ನಾನು ಬಲ್ಲ ಅತ್ಯಂತ ಕಡೆಗಣಿಸಿದ ಕಾರಣ. ಎಂಪಿ3ಟ್ಯಾಗ್‌ನಲ್ಲಿ ಚಿತ್ರಗಳನ್ನು 600 ಪಿಕ್ಸೆಲ್‌ಗೆ ಇಳಿಸಿ, ದೊಡ್ಡದು ಬೇಕಿದ್ದರೆ ಆಲ್ಬಂ ಫೋಲ್ಡರಿನಲ್ಲಿ ಒಂದೇ ಫೈಲಾಗಿ ಇಡಿ. ಚಿತ್ರ ತೋರಿಸದ ಹಳೆಯ ಪ್ಲೇಯರ್‌ಗಳಿಗೆ ಜೆಪೆಗ್ ಪ್ರೋಗ್ರೆಸಿವ್ ಆಗಿರಬಾರದು, ಬೇಸ್‌ಲೈನ್ ಇರಲಿ. ಮೊದಲು ಒಂದೇ ಆಲ್ಬಂ ಮೇಲೆ ಮಾಡಿ, ಕೇಳಿ, ಆಮೇಲೆ ಉಳಿದದ್ದು.

ಹೊಸ ಹಾಡು ಸೇರಿಸಿದರೂ ತಾನಾಗಿ ಕಾಣುತ್ತಿಲ್ಲವೇ? ಲಿನಕ್ಸ್ ಸರ್ವರ್‌ಗಳು ಫೋಲ್ಡರಿನಲ್ಲಿ ಆದ ಬದಲಾವಣೆ ತಿಳಿಯಲು ಐನೋಟಿಫೈ ಅನ್ನುವ ಸೌಲಭ್ಯ ಬಳಸುತ್ತವೆ, ಪ್ರತಿ ಫೋಲ್ಡರಿಗೂ ಒಂದು ಕಾವಲು. ಹಳೆಯ ಕರ್ನಲ್‌ಗಳಲ್ಲಿ ಕಾವಲಿನ ಮಿತಿ 8,192. ನಿಮ್ಮ ಆಲ್ಬಂ ಫೋಲ್ಡರ್ ಹದಿನೈದು ಸಾವಿರ ಇದ್ದರೆ ಉಳಿದವಕ್ಕೆ ಕಾವಲೇ ಇಲ್ಲ. ಮಿತಿ ಹೆಚ್ಚಿಸಬಹುದು. ಆದರೆ ಹಾಡುಗಳು ಬೇರೆ ಮೆಷಿನ್ನಿನಿಂದ ನೆಟ್‌ವರ್ಕ್ ಮೂಲಕ ಬರುತ್ತಿದ್ದರೆ ಅಲ್ಲಿ ಆದ ಬದಲಾವಣೆ ಇಲ್ಲಿನ ಐನೋಟಿಫೈಗೆ ಗೊತ್ತೇ ಆಗುವುದಿಲ್ಲ, ಸಮಯಕ್ಕೆ ಸರಿಯಾಗಿ ಸ್ಕ್ಯಾನ್ ಇಡುವುದೇ ದಾರಿ.

ಕೆಲವು ಮಿತಿಗಳನ್ನು ನೀವು ಬದಲಾಯಿಸಲು ಆಗುವುದಿಲ್ಲ. ಸೋನೋಸ್ ಸ್ಪೀಕರ್‌ಗಳ ಸ್ವಂತ ಲೈಬ್ರರಿ ಪಟ್ಟಿಗೆ 65,000 ಹಾಡಿನ ಮಿತಿ ಇದೆ, ಹೆಸರುಗಳು ಉದ್ದ ಇದ್ದರೆ ಅದಕ್ಕಿಂತ ಮೊದಲೇ ತುಂಬುತ್ತದೆ. ಅಲ್ಲಿ ಪ್ಲೆಕ್ಸ್ ಥರದ ಸರ್ವರ್ ಮಧ್ಯೆ ಇಟ್ಟು ಪಟ್ಟಿಯನ್ನು ಅದರ ಕೈಗೆ ಕೊಡಬೇಕು. ಎಂಪಿಡಿ ಅನ್ನುವ ಮ್ಯೂಸಿಕ್ ಸರ್ವರ್ ಬಳಸುವವರಿಗೆ ಇಡೀ ಪಟ್ಟಿ ಕೇಳಿದಾಗ ಆ್ಯಪ್ ಸಂಪರ್ಕ ಕಡಿದುಕೊಂಡರೆ ಸೆಟ್ಟಿಂಗ್ಸ್ ಫೈಲಿನಲ್ಲಿ ಔಟ್‌ಪುಟ್ ಬಫರಿನ ಗರಿಷ್ಠ ಗಾತ್ರ ನೋಡಿ, ತಾನಾಗಿ ಇರುವುದು 8,192 ಕೆಬಿ, ಅದನ್ನು ದುಪ್ಪಟ್ಟು ಮಾಡಿ. ಇಡೀ ಲೈಬ್ರರಿಯನ್ನು ಒಂದೇ ಕ್ಯೂಗೆ ಹಾಕಿ ಶಫಲ್ ಒತ್ತುವುದು ಕೂಡ ಬೇಡ. ನೂರಿನ್ನೂರು ಹಾಡನ್ನು ಯಾದೃಚ್ಛಿಕವಾಗಿ ಆರಿಸುವ ಸ್ಮಾರ್ಟ್ ಪ್ಲೇಲಿಸ್ಟ್ ಮಾಡಿದರೆ ಅದೇ ಸುಖ, ಸ್ಟ್ರೀಮರಿಗೂ ಹೊರೆ ಇಲ್ಲ.

ಹೆಜ್ಜೆ 7: ಫೈಲ್ ಇದೆ, ಆದರೆ ಸಿಗುತ್ತಿಲ್ಲ

ಹೆಸರಿನ ತೊಂದರೆ. ವಿಂಡೋಸ್‌ನ ಹಳೆಯ ಪ್ರೋಗ್ರಾಂಗಳಿಗೆ ಪೂರ್ತಿ ಪಾತ್ (ಡ್ರೈವ್, ಫೋಲ್ಡರ್, ಫೈಲ್ ಹೆಸರು ಸೇರಿದ ವಿಳಾಸ) 260 ಅಕ್ಷರ ದಾಟಿದರೆ ಫೈಲ್ ತೆರೆಯಲು ಬರುವುದಿಲ್ಲ. ಲಿನಕ್ಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ. ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಇರುವ ಹೆಸರು ಲಿನಕ್ಸ್‌ನಲ್ಲಿ ನಡೆಯುತ್ತದೆ, ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಇಷ್ಟು ಎಲ್ಲರೂ ಹೇಳುತ್ತಾರೆ.

ಕನ್ನಡದಲ್ಲಿ ಫೈಲ್ ಹೆಸರಿಡುವ ನಮಗೆ ಇನ್ನೆರಡು ವಿಷಯ ಗೊತ್ತಿರಬೇಕು. ಲಿನಕ್ಸ್‌ನ ಎಕ್ಸ್‌ಟಿ4ನಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು, ಸ್ವರಚಿಹ್ನೆಗೂ ಸೇರಿ. ಅಂದರೆ 85 ಚಿಹ್ನೆಗೆ ಮುಗಿಯಿತು. ವಿಂಡೋಸ್‌ನಲ್ಲಿ ಸಲೀಸಾಗಿ ಇದ್ದ ಉದ್ದ ಹೆಸರಿನ ಹಾಡು ನ್ಯಾಸ್‌ಗೆ ಕಾಪಿ ಆಗದೆ ಬಿದ್ದುಹೋಗುವುದು ಇದಕ್ಕೇ.

ಎರಡನೆಯದು ಇನ್ನೂ ಸೂಕ್ಷ್ಮ. "ಕೋಗಿಲೆ" ಅನ್ನುವ ಫೈಲ್ ಹೆಸರು ತೆಗೆದುಕೊಳ್ಳಿ. ಇದರ ಮೊದಲಕ್ಷರದ ಓತ್ವವನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರು ಬಿಡಿ ಚಿಹ್ನೆಗಳನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಒಂದು ರೀತಿಯಲ್ಲಿ ಪದ 6 ಚಿಹ್ನೆ, 18 ಬೈಟ್. ಇನ್ನೊಂದು ರೀತಿಯಲ್ಲಿ 8 ಚಿಹ್ನೆ, 24 ಬೈಟ್. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರನ್ನು ಬಿಡಿಸಿದ ರೂಪಕ್ಕೆ ತಿರುಗಿಸಿ ಇಡುತ್ತದೆ, ವಿಂಡೋಸ್‌ನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಕೂಡಿದ ರೂಪದಲ್ಲಿರುತ್ತದೆ. ಮ್ಯಾಕ್‌ನಿಂದ ಲಿನಕ್ಸ್ ನ್ಯಾಸ್‌ಗೆ ಬಂದ ಫೈಲನ್ನು ವಿಂಡೋಸ್‌ನಲ್ಲಿ ಮಾಡಿದ ಪ್ಲೇಲಿಸ್ಟ್ ಕರೆದರೆ "ಫೈಲ್ ಇಲ್ಲ" ಅನ್ನುತ್ತದೆ, ಎದುರಿಗೇ ಕಾಣುತ್ತಿದ್ದರೂ. ಲಿನಕ್ಸ್‌ನಲ್ಲಿ ಕಾನ್ವ್‌ಎಂವಿ ಅನ್ನುವ ಸಣ್ಣ ಟೂಲ್ ಇಡೀ ಫೋಲ್ಡರಿನ ಹೆಸರುಗಳನ್ನು ಕೂಡಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತರುತ್ತದೆ. ಮೊದಲು ಅದು ಏನು ಬದಲಾಯಿಸಲಿದೆ ಅಂತ ಬರೀ ತೋರಿಸುತ್ತದೆ, ಒಪ್ಪಿಗೆಯಾದರೆ ಮಾತ್ರ ಮಾಡಿಸಿ.

ಪ್ಲೇಲಿಸ್ಟುಗಳನ್ನು ಎಂ3ಯು ಬದಲು ಎಂ3ಯು8 ಆಗಿ ಉಳಿಸಿ, ಅದು ಯುಟಿಎಫ್-8, ಕನ್ನಡ ಪ್ರಶ್ನೆ ಚಿಹ್ನೆಗಳಾಗಿ ಕೆಡುವುದಿಲ್ಲ. ಒಳಗಿನ ಪಾತ್‌ಗಳು ಡ್ರೈವ್ ಅಕ್ಷರದಿಂದ ಶುರುವಾಗದೆ ಪ್ಲೇಲಿಸ್ಟ್ ಇರುವ ಜಾಗದಿಂದ ಲೆಕ್ಕ ಹಾಕುವಂತೆ ಇರಲಿ. ಸರ್ವರನ್ನು ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಕಂಟೇನರಿನಲ್ಲಿ ಓಡಿಸುವ ಟೂಲ್) ಓಡಿಸುವವರು ಒಂದು ನೋಡಿ, ಕಂಟೇನರ್ ಒಳಗಿನ ಪಾತ್ ಬದಲಾದರೆ ಕೆಲವು ಸರ್ವರ್‌ಗಳಿಗೆ ಎಲ್ಲಾ ಹಾಡೂ ಹೊಸದು ಅನ್ನಿಸುತ್ತದೆ, ಪ್ಲೇ ಕೌಂಟ್ ಎಲ್ಲಾ ಸೊನ್ನೆ. ಒಮ್ಮೆ ಇಟ್ಟ ಪಾತ್ ಬದಲಾಯಿಸಬೇಡಿ.

ಒಂದೇ ಆಲ್ಬಂ ಹತ್ತು ತುಂಡಾಗಿ ಕಾಣುತ್ತಿದ್ದರೆ ಆಲ್ಬಂ ಆರ್ಟಿಸ್ಟ್ ಟ್ಯಾಗ್ ತುಂಬಿ. ಟ್ಯಾಗ್ ತುಂಬುವ ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ಪ್ರೋಗ್ರಾಂಗೆ ಇಡೀ ಲೈಬ್ರರಿ ಒಟ್ಟಿಗೆ ಕೊಡಬೇಡಿ, ಐವತ್ತು ಆಲ್ಬಂ ಒಂದು ಸಲಕ್ಕೆ ಸಾಕು.

ಹೆಜ್ಜೆ 8: ಪ್ಲೇಯರ್ ಮತ್ತು ಡ್ಯಾಕ್

ಕಂಪ್ಯೂಟರಿಗೆ ಜೋಡಿಸಿದ ಡ್ಯಾಕ್‌ನಿಂದ ಟಿಕ್ ಟಿಕ್ ಸದ್ದು ಬಂದರೆ ಬಫರ್ ಸ್ವಲ್ಪ ಹೆಚ್ಚಿಸಿ, ಯುಎಸ್‌ಬಿ ಪವರ್ ಉಳಿಸುವ ಆಯ್ಕೆ ನಿಲ್ಲಿಸಿ, ಹಬ್ ಬಿಟ್ಟು ನೇರ ಪೋರ್ಟಿಗೆ ಹಾಕಿ. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಓಡಿಸಿದರೆ ಯಾವ ಡ್ರೈವರ್ ದಾರಿಗೆ ಅಡ್ಡ ಬರುತ್ತಿದೆ ಅಂತ ಹೆಸರು ಸಮೇತ ಹೇಳುತ್ತದೆ, ವೈಫೈ ಡ್ರೈವರ್ ಸಿಕ್ಕಿಬೀಳುವುದು ಅಪರೂಪವಲ್ಲ.

192 ಕಿಲೋಹರ್ಟ್ಜ್ ಹಾಡು ಮಾತ್ರ ಬರದಿದ್ದರೆ ಮಿತಿ ನೋಡಿ. ಯುಎಸ್‌ಬಿ ಆಡಿಯೋ ಕ್ಲಾಸ್ 1ರ ಡ್ಯಾಕ್ 24 ಬಿಟ್, 96 ಕಿಲೋಹರ್ಟ್ಜ್ ದಾಟುವುದಿಲ್ಲ. ಆಪ್ಟಿಕಲ್ ಕೇಬಲ್‌ನಲ್ಲೂ 192 ಹಲವು ಉಪಕರಣಗಳಲ್ಲಿ ತಡವರಿಸುತ್ತದೆ. ಸರ್ವರಿನಲ್ಲಿ ಆ ಉಪಕರಣಕ್ಕೆ ಮಾತ್ರ 96ಕ್ಕೆ ಇಳಿಸಿ ಕಳಿಸುವ ಸೆಟ್ಟಿಂಗ್ ಇಡಿ. ಆಗ ಸರ್ವರಿನ ಸಿಪಿಯು ಎಷ್ಟು ಏರುತ್ತದೆ ಅಂತಲೂ ನೋಡಿ. ಪುಟ್ಟ ನ್ಯಾಸ್‌ನಲ್ಲಿ ಒಟ್ಟಿಗೆ ಮೂರು ಕೋಣೆಗೆ ಟ್ರಾನ್ಸ್‌ಕೋಡ್ ಮಾಡಿಸಿದರೆ ಅದೇ ಹೊಸ ತೊಂದರೆಯಾಗುತ್ತದೆ.

ಸ್ಯಾಂಪಲ್ ರೇಟ್ (44.1, 96, 192 ಕಿಲೋಹರ್ಟ್ಜ್ ಅನ್ನುವ ಲೆಕ್ಕ) ಬದಲಾದಾಗ ಹಾಡಿನ ಮೊದಲ ಅರ್ಧ ಸೆಕೆಂಡು ನುಂಗಿಹೋಗುವುದು ಡ್ಯಾಕ್ ಹೊಸ ರೇಟಿಗೆ ಹೊಂದಿಕೊಳ್ಳುವ ಹೊತ್ತು. ಹಾಡಿನ ಮುಂಚೆ ಸ್ವಲ್ಪ ಮೌನ ಸೇರಿಸುವ ಆಯ್ಕೆ ಹಲವು ಪ್ಲೇಯರ್‌ಗಳಲ್ಲಿದೆ.

ಒಂದಕ್ಕೊಂದು ಅಂಟಿಕೊಂಡ ಹಾಡುಗಳ ಮಧ್ಯೆ ಖಾಲಿ ಬಂದರೆ, ಎಂಪಿ3 ಆದರೆ ಲೇಮ್ ಅನ್ನುವ ಎಂಪಿ3 ಎನ್‌ಕೋಡರ್ ಬರೆಯುವ ಟ್ಯಾಗ್ ಇದೆಯೇ ನೋಡಿ, ಆರಂಭ ಕೊನೆಯ ತುಂಬುಮೌನ ಎಷ್ಟು ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಫ್ಲಾಕ್‌ನಲ್ಲೂ ಖಾಲಿ ಬಂದರೆ ನಿಮ್ಮ ಡಿಎಲ್‌ಎನ್‌ಎ ಪ್ಲೇಯರ್ ಮುಂದಿನ ಹಾಡನ್ನು ಮೊದಲೇ ತೆಗೆದುಕೊಳ್ಳುವುದಿಲ್ಲ ಅಂತ ಅರ್ಥ. ಒಂದು ಹಾಡು ಜೋರು, ಇನ್ನೊಂದು ಮೆಲ್ಲಗೆ ಅನ್ನುವುದಕ್ಕೆ ಸದ್ದಿನ ಮಟ್ಟ ಸಮ ಮಾಡುವ ರಿಪ್ಲೇಗೇನ್ ಸಾಕು, ಅದು ಟ್ಯಾಗ್ ಮಾತ್ರ ಬರೆಯುತ್ತದೆ. ಆಡಿಯೋವನ್ನೇ ತಿದ್ದುವ ಟೂಲ್ ಬೇಡ.

ಫೋನಿನಲ್ಲಿ ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ಹಾಡು ನಿಂತರೆ ಬ್ಯಾಟರಿ ಉಳಿಸುವ ಪಟ್ಟಿಯಿಂದ ಆ ಆ್ಯಪನ್ನು ಹೊರಗಿಡಿ.

ಇಷ್ಟಾದರೂ ಸರಿಹೋಗದಿದ್ದರೆ

ಆಗ ಡೇಟಾಬೇಸ್ ಹೊಸದಾಗಿ ಕಟ್ಟುವ ಮಾತು. ಅದಕ್ಕೂ ಮೊದಲು ಇನ್ನೂರು ಹಾಡಿನ ಒಂದು ಪುಟ್ಟ ಫೋಲ್ಡರ್ ಮಾಡಿ, ಅದೇ ಸರ್ವರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ ಅದರ ಮೇಲೆ ಓಡಿಸಿ ನೋಡಿ. ಅಲ್ಲಿಯೂ ತೊಂದರೆ ಇದ್ದರೆ ಗಾತ್ರದ್ದೂ ಅಲ್ಲ, ಡೇಟಾಬೇಸ್‌ದೂ ಅಲ್ಲ, ಹಳೆಯದನ್ನು ಅಳಿಸಬೇಡಿ. ಅಲ್ಲಿ ಸರಿಯಿದ್ದರೆ ಫೋಲ್ಡರ್‌ಗಳನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗಿ, ಯಾವ ಕಂತಿನಲ್ಲಿ ಕೆಡುತ್ತದೆ ನೋಡಿ. ಒಂದೇ ಒಂದು ಕೆಟ್ಟ ಟ್ಯಾಗ್ ಇಡೀ ಸ್ಕ್ಯಾನ್ ನಿಲ್ಲಿಸುವುದುಂಟು. ಸರ್ವರಿನ ಲಾಗ್‌ನಲ್ಲಿ ಸ್ಕ್ಯಾನ್ ನಿಂತ ಸಮಯದ ಕೊನೆಯ ಸಾಲಿನಲ್ಲಿ ಯಾವ ಫೈಲಿನ ಹೆಸರಿದೆಯೋ ಅದನ್ನು ಫೋಲ್ಡರಿನಿಂದ ಹೊರಗೆ ತೆಗೆದು ಮತ್ತೆ ಸ್ಕ್ಯಾನ್ ಹಾಕಿ.

ಯಾರಲ್ಲಾದರೂ ಸಹಾಯ ಕೇಳುವುದಾದರೆ ಈ ವಿವರ ಜೊತೆಗಿರಲಿ: ಹಾಡುಗಳ ಮತ್ತು ಫೋಲ್ಡರ್‌ಗಳ ಸಂಖ್ಯೆ, ಸರ್ವರ್ ಮತ್ತು ಪ್ಲೇಯರಿನ ಆವೃತ್ತಿ, ನಿಲ್ಲುವ ಹಾಡಿನ ಫಾರ್ಮ್ಯಾಟ್ ಮತ್ತು ಸ್ಯಾಂಪಲ್ ರೇಟ್, ಎರಡನೇ ಹೆಜ್ಜೆಯಲ್ಲಿ ಯಾವ ಕೊಂಡಿಯಲ್ಲಿ ಕೆಟ್ಟಿತು ಅನ್ನುವುದು, ಮತ್ತು ಹಾಡು ನಿಂತ ಆ ಒಂದು ನಿಮಿಷದ ಲಾಗ್. ಪೂರ್ತಿ ಲಾಗ್ ಕಳಿಸಿದರೆ ಯಾರೂ ಓದುವುದಿಲ್ಲ. ಕಳಿಸುವ ಮೊದಲು ಅದರೊಳಗೆ ಪಾಸ್‌ವರ್ಡ್, ಟೋಕನ್ ಇದ್ದರೆ ಅಳಿಸಿ.